ಗಿಬ್ಬನ್ ಕೂಸಿನ ಸೋಬಾನೆ

ಬೀರಮ್ಮ ಸ್ಪೀಕರಿನ ವೈರು ಕಿತ್ತು ಹಾಕುವುದಕ್ಕೂ ಡಾಕ್ಟರ್ ರಮ್ಯ ಬರುವುದಕ್ಕೂ ಸರಿಹೋಯಿತು.

“ಏನ್ರೀ ಬೀರಮ್ಮ ಇದು? ಅದನ್ನ ಮುಟ್ಟಬೇಡಿ ಅಂತ ಹೇಳಿರ್ಲಿಲ್ವಾ?”

“ಇಪ್ಪತ್ತು ದಿನದಿಂದ ಬಡ್ಕತಾನೇ ಅದೆ ಈ ಡಬ್ಬ. ಕೂಸು ಒಂದ್ಕಿತನಾದ್ರೂ ಬಾಯ್ಬುಟ್ಟದಾ, ನೀವೇ ಏಳಿ.”

ಬಿಟ್ಟಿರಲಿಲ್ಲ. ಕೇರಳದ ಗಡಿಯ ಚೆಕ್‌ಪೋಸ್ಟಿನಲ್ಲಿ, ಯಾರದೋ ಕಾರಿನ ಹಣ್ಣಿನ ಬುಟ್ಟಿಯಡಿ ಸಿಕ್ಕಿದ್ದ ಗಿಬ್ಬನ್ ಹೆಣ್ಣುಮರಿ ಅದು. ಬಾಲವಿಲ್ಲದ, ಉದ್ದ ತೋಳಿನ, ಈ ಸೀಮೆಯ ಕಾಡಿಗೇ ಸೇರದ ವಾನರ. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ ಬಂದಂದಿನಿಂದ ಮೂಲೆ ಹಿಡಿದು ಕೂತಿತ್ತು. ಗಿಬ್ಬನ್ ಹೆಣ್ಣುಮರಿಗಳು ತಾಯಿಯ ಜೊತೆ ಕೂಗಿ ಕೂಗಿಯೇ ತಮ್ಮ ಕೂಗನ್ನು ತಿದ್ದಿಕೊಳ್ಳುತ್ತವೆ. ಅಸ್ಸಾಮಿನ ಕೇಂದ್ರವೊಂದರಲ್ಲಿ ಮರಿ ಕಳೆದುಕೊಂಡ ತಾಯಿಯೊಂದಿತ್ತು. ಕೂಗಿಗೆ ಓಗೊಡುವ ಮರಿಯಾದರೆ ಕಳಿಸಿ, ಇಲ್ಲದಿದ್ದರೆ ಬೇಡ ಎಂದು ಅವರು ಒಂದು ತಿಂಗಳ ಗಡುವು ಕೊಟ್ಟಿದ್ದರು. ತಪ್ಪಿದರೆ ಮರಿಗೆ ಇಲ್ಲೇ ಒಂಟಿ ಪಂಜರ, ಸಾಯುವ ತನಕ.

“ಅದು ತಾಯಿ ಗಿಬ್ಬನ್ನಿನ ಕೂಗು ಕಣ್ರೀ. ಕೇಳಿ ಕೇಳಿ ಕಲೀಬೇಕು.”

“ಈ ತಾಯಿ ನಡುವೆ ನಿಲ್ಲಾದೇ ಇಲ್ವಲ್ಲ ಡಾಕ್ಟ್ರಮ್ಮ! ಕೂಸು ಯಾವಾಗ ಬಾಯಾಕದು? ಸೋಬಾನೆಲಿ ನಾನು ಅರ್ಧ ಸಾಲು ಏಳಿ ನಿಲ್ಲುಸ್ತೀನಿ, ಮಿಕ್ಕೋರು ಎತ್ಕತಾರೆ. ನಾನೇ ಕೊನೆಗಂಟ ಬಡ್ಕಂಡ್ರೆ ಅವ್ರೇನು ಎಲೆಅಡ್ಕೆ ಅಗೀತಾ ಕೂರದಾ?”

ಸುತ್ತ ಹತ್ತೂರ ಮದುವೆಗಳಿಗೆ ಸೋಬಾನೆ ಹೇಳಿದ ಗಂಟಲು ಅವಳದು. ಇಲ್ಲಿ ಕೆಲಸ ಕಸ ಗುಡಿಸುವುದು. ಪೊರಕೆ ಪಕ್ಕಕ್ಕಿಟ್ಟು, ಪಂಜರಕ್ಕೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಳು. ಇಪ್ಪತ್ತು ದಿನ ಕೇಳಿದ ಕೂಗನ್ನೇ “ಊ… ಊ…” ಎಂದು ಏರಿಸುತ್ತಾ ಹೋಗಿ ಅರ್ಧಕ್ಕೆ ನಿಲ್ಲಿಸಿದಳು.

ರಮ್ಯಳಿಗೆ ಮೈಯೆಲ್ಲ ಉರಿಯಿತು. ಮನುಷ್ಯರ ದನಿಗೆ ಅಂಟಿಕೊಂಡ ಮರಿ ತಾಯಿಯ ಹತ್ತಿರ ಹೋಗುವುದಿಲ್ಲ. ಬೈಯಬೇಕೆಂದು ಮುಂದೆ ಬಂದಳು. ಅಷ್ಟರಲ್ಲಿ ಮೂಲೆಯಿಂದ ಒಂದು ಕೀರಲು ದನಿ, ಬೀರಮ್ಮ ಬಿಟ್ಟ ಕಡೆಯಿಂದಲೇ ಎತ್ತಿಕೊಂಡಿತು. ನಡುವೆ ಎರಡು ಕಡೆ ಮುರಿಯಿತು, ಕೊನೆ ತಪ್ಪಿತು. ಆದರೂ ಕೂಗು ಕೂಗೇ. ಡಾಕ್ಟರು ಬೈಗುಳ ನುಂಗಿಕೊಂಡು ಮೊಬೈಲು ತೆಗೆದಳು.

ಮುಂದಿನ ವಾರ ದಿನಾ ಬೆಳಿಗ್ಗೆ ಇದೇ ನಡೆಯಿತು. ರೆಕಾರ್ಡು ಕೇಳಿದ ಅಸ್ಸಾಮಿನವರು ಒಪ್ಪಿದರು.

ಕಳಿಸುವ ದಿನ ವ್ಯಾನಿನ ಒಳಗೆ, ಪೆಟ್ಟಿಗೆಯ ಸರಳು ಹಿಡಿದು, ಕೂಸು ಬೀರಮ್ಮನನ್ನೇ ನೋಡುತ್ತಿತ್ತು.

“ಇವತ್ತು ಮಾತ್ರ ಬಾಯಿ ಬಿಡಬೇಡಿ,” ರಮ್ಯ ಕೈಮುಗಿದಳು. “ನಿಮ್ಮ ದನಿಗೇ ಕಾಯ್ತಾ ಕೂತ್ರೆ ಅಲ್ಲಿ ಆ ತಾಯಿ ಜೊತೆ ಸೇರಲ್ಲ ಅದು.”

“ಊಂ, ಬುಡಿ.”

ವ್ಯಾನು ಸ್ಟಾರ್ಟ್ ಆಯಿತು. ಬೀರಮ್ಮ ಪೊರಕೆ ಕೈಗೆತ್ತಿಕೊಂಡಳು. ಆಗ ಕೂಸೇ ಶುರು ಮಾಡಿತು. ಇಷ್ಟು ದಿನ ಬೀರಮ್ಮ ಹೇಳುತ್ತಿದ್ದ ಭಾಗವನ್ನು ಒಂದಿಷ್ಟೂ ತಪ್ಪದೆ ಏರಿಸಿಕೊಂಡು ಹೋಗಿ, ಅರ್ಧಕ್ಕೆ ನಿಲ್ಲಿಸಿತು. ಯಾರೂ ಓಗೊಡಲಿಲ್ಲ. ಮತ್ತೆ ಮೊದಲಿನಿಂದ ಕೂಗಿ, ಮತ್ತೆ ಅಲ್ಲೇ ನಿಲ್ಲಿಸಿತು. ವ್ಯಾನು ಗೇಟಿನ ಹತ್ತಿರ ಹೋಗಿತ್ತು.

ರಮ್ಯಳಿಂದ ತಡೆಯಲಾಗಲಿಲ್ಲ. “ಒಂದ್ಸಲ ಓಗೊಡಿ ಬೀರಮ್ಮ, ಪರವಾಗಿಲ್ಲ. ಪಾಪ, ನಿಲ್ಲಿಸಿ ನಿಲ್ಲಿಸಿ ಕಾಯ್ತಿದೆ.”

ಬೀರಮ್ಮ ಖಾಲಿ ಪಂಜರದೊಳಗೆ ಹೋಗಿ, ಬಗ್ಗಿ, ಬಾಳೆಸಿಪ್ಪೆ ಗುಡಿಸತೊಡಗಿದಳು.

“ಕಾಯ್ಲಿ ಬುಡಿ ಡಾಕ್ಟ್ರಮ್ಮ. ಎತ್ಕಳಕೆ ಅಲ್ಲೊಬ್ಳು ಅವ್ಳೆ.”