ನೀಲಿ ಬಿಂದಿಗೆಯ ಸರದಿ

ಎಲ್ಲರನ್ನೂ ಒಂದೇ ನಲ್ಲಿಗೆ ತಂದವಳೆಂದು ಮೊನ್ನೆ ನಮ್ಮ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನಲ್ಲಿ ಸೆಲ್ವಿಯಕ್ಕನಿಗೆ ಶಾಲು ಹೊದಿಸಿದಾಗ, ನನ್ನ ಕಣ್ಣಿಗೆ ಬಿದ್ದಿದ್ದು ಅವಳ ಬೈತಲೆಯ ಹಳೇ ಗಾಯದ ಗುರುತು.

ಗಣಿ ಕಾರ್ಮಿಕರ ನಮ್ಮ ಲೈನ್ ಮನೆಗಳ ನಲ್ಲಿಯ ಮುಂದೆ ಬಿಂದಿಗೆಗಳನ್ನು ಸಾಲಾಗಿ ಇಡುತ್ತಿದ್ದರು. ಮೊದಲು ಇಟ್ಟವರಿಗೆ ಮೊದಲು ನೀರು. ಕಕ್ಕಸು ತೊಳೆಯುವವರ ನೀಲಿ ಬಿಂದಿಗೆಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ನನ್ನ ಬಾಲ್ಯದ ಒಂದು ಮಧ್ಯಾಹ್ನ ನಮ್ಮ ಲೈನಿನವಳೇ ಆದ ಸೆಲ್ವಿಯಕ್ಕ ಅದನ್ನು ತನ್ನ ಬಿಂದಿಗೆಗಿಂತ ಮುಂದಿಟ್ಟಳು. ಅಪ್ಪ ಅದನ್ನು ಒದ್ದ. ಅವಳು ಮತ್ತೆ ತಂದಿಟ್ಟಳು. ಅಪ್ಪ ನಮ್ಮ ಹಿತ್ತಾಳೆ ಬಿಂದಿಗೆಯನ್ನೆತ್ತಿ ಅವಳ ತಲೆಗೆ ಅಪ್ಪಳಿಸಿದ. ರಕ್ತ ಕಣ್ಣಿಗಿಳಿಯಿತು.

"ಇನ್ನೊಂದೇಟು ಒಡಿಯಣ್ಣಾ. ಬಿಂದಿಗೆ ಇಲ್ಲೇ ಇರ್ತೈತೆ," ಅಂದಳು.

ಅಪ್ಪ ಮತ್ತೆ ಕೈಯೆತ್ತಿದ. ಅಮ್ಮ ಆ ಹಿತ್ತಾಳೆ ಬಿಂದಿಗೆಯನ್ನು ಕಿತ್ತುಕೊಂಡಳು. ಅದರ ರಕ್ತವನ್ನೂ ತೊಳೆಯದೆ ನೀಲಿ ಬಿಂದಿಗೆಯ ಹಿಂದೆ ಇಟ್ಟು ನಿಂತಳು.