ಚುಕ್ಕೆಯ ಗುಂಡಿ

ತಿಥಿಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಗಂಡ ಇದ್ದಿದ್ದರೆ, ನಿನ್ನದೇನೂ ತಪ್ಪಿಲ್ಲ, ಒಲೆ ಮಾಡಿದವನದು ಎನ್ನುತ್ತಿದ್ದ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಪ್ರೊಫೆಸರ್ ಸಾಹೇಬರು ಪ್ರಯೋಗಕ್ಕೆಂದು ಎರವಲು ಒಯ್ದಿದ್ದ ಪಂಪ್ ಇನ್ನೂ ವಾಪಸು ಬಂದಿಲ್ಲವಂತೆ; ಬೇಸರ ಮಾಡಿಕೊಳ್ಳದೆ ತಲುಪಿಸಬೇಕಂತೆ.

ರೋಗಿಯ ರಕ್ತಕ್ಕೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಆ ಪಂಪ್ ಗಂಡನ ಮೇಜಿನ ಮೇಲೇ ಇತ್ತು. ಯಂತ್ರದ ಮುಂದೆ ಮನುಷ್ಯ ಯಾಕೆ ತಪ್ಪುತ್ತಾನೆ ಎಂಬುದೇ ಮನಶ್ಶಾಸ್ತ್ರದ ಮೇಷ್ಟ್ರಾಗಿ ಅವನು ಹಿಡಿದಿದ್ದ ವಿಷಯ. ಈ ಪಂಪಿನ ದಶಮಾಂಶ ಚುಕ್ಕೆಯ ಗುಂಡಿ ಮೆತ್ತಗೆ ಒತ್ತಿದರೆ ತಗಲುವುದಿಲ್ಲ, ತಗಲಲಿಲ್ಲವೆಂದು ಹೇಳುವುದೂ ಇಲ್ಲ. ಎರಡೂವರೆ ಇಪ್ಪತ್ತೈದಾಗಿ ಕೂರುತ್ತದೆ. ಅದನ್ನವನು ತೋರಿಸಿಕೊಟ್ಟ. ಲೇಖನ ಬರೆದ, ದೇಶ ದೇಶ ಸುತ್ತಿ ಭಾಷಣ ಮಾಡಿದ, ಬಡ್ತಿ ಪಡೆದ. ಆಸ್ಪತ್ರೆಯವರೂ ಕರೆಸಿ, ಚಪ್ಪಾಳೆ ತಟ್ಟಿ, ಹೂಗುಚ್ಛ ಕೊಟ್ಟು ಕಳಿಸಿದರು. ಪಂಪುಗಳು ವಾರ್ಡಿನಲ್ಲೇ ಉಳಿದವು. ಸಣ್ಣದೊಂದು ಆಪರೇಷನ್ನಿಗೆಂದು ಅದೇ ವಾರ್ಡಿನಲ್ಲಿ ಅವನೇ ಮಲಗಿದಾಗ ಅವನ ಪಂಪಿಗೆ ನರ್ಸೊಬ್ಬಳು ಎರಡೂವರೆ ಎಂದು ಒತ್ತಿದಳು. ಮೂಡಿದ್ದು ಇಪ್ಪತ್ತೈದು ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

"ಆ ಹುಡುಗಿ ಕೈಗೆ ಬೇಡಿ ಬೀಳೋವರೆಗೂ ಬಿಡಬೇಡ ಕಣೇ," ಎಂದರು ಅತ್ತೆ, ಬಾಗಿಲಲ್ಲಿ ನಿಂತು. "ಊರೋರ ತಪ್ಪಿಗೆಲ್ಲ ಸಮಜಾಯಿಷಿ ಹುಡುಕ್ತಿದ್ದ ನನ್ನ ಮಗ. ನೀನೂ ಹಾಗೇ ಕೂತ್ಕೋಬೇಡ."

ಅವಳಿಗೂ ಬೇಕಿದ್ದದ್ದು ಅದೇ. ಒಬ್ಬರ ಮೇಲಾದರೂ ಹಲ್ಲು ಕಡಿಯಬೇಕಿತ್ತು. ಪಂಪನ್ನು ಚೀಲಕ್ಕೆ ಹಾಕುವ ಮುಂಚೆ ವೈರು ಸಿಕ್ಕಿಸಿ, ನಾನಾಗಿದ್ದರೆ ತಪ್ಪುತ್ತಿರಲಿಲ್ಲ ಎಂದುಕೊಂಡು ಒತ್ತಿದಳು. ಎರಡು, ಚುಕ್ಕೆ, ಐದು. ಪರದೆಯ ಮೇಲೆ ಇಪ್ಪತ್ತೈದು ಮೂಡಿತು.

ಇನ್ನು ಬೈಯುವುದಾದರೂ ಯಾರನ್ನು? ಅದನ್ನೂ ಅವನು ಕಿತ್ತುಕೊಂಡು ಹೋಗಿದ್ದ.

ಆಸ್ಪತ್ರೆಯ ಮುಖ್ಯ ವೈದ್ಯರು ತಾವೇ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು. ನರ್ಸನ್ನು ಕೆಲಸದಿಂದ ತೆಗೆದದ್ದಾಯಿತು, ಇನ್ನು ನೀವು ನೆಮ್ಮದಿಯಾಗಿರಬಹುದು ಎಂದರು.

"ಅವಳನ್ನ ವಾಪಸ್ ಕರೀರಿ ಸಾರ್. ಈ ಪಂಪ್‌ಗಳನ್ನ ತೆಗೀರಿ." ಅವಳು ಪಂಪನ್ನು ಅವರ ಮುಂದಿಟ್ಟು ವೈರು ಸಿಕ್ಕಿಸಿದಳು. "ಎರಡೂವರೆ ಒತ್ತಿ ನೋಡಿ."

ಒತ್ತಿದರು. ಇಪ್ಪತ್ತೈದು. ವೈದ್ಯರ ಮುಖ ಒಂದು ಗಳಿಗೆ ಬಿಳಿಚಿತು. ಅಳಿಸಿ, ಬೆರಳು ಊರಿ ಮತ್ತೊಮ್ಮೆ ಒತ್ತಿದರು. ಎರಡೂವರೆ.

"ನೋಡಿದ್ರಾ ಮೇಡಂ? ಗಮನ ಇಟ್ಟು ಒತ್ತಿದ್ರೆ ಸರಿಯಾಗೇ ಬರುತ್ತೆ. ನಿಮ್ಮ ಯಜಮಾನ್ರು ದೊಡ್ಡ ವಿದ್ವಾಂಸರು, ಇಲ್ಲ ಅನ್ನಲ್ಲ. ವಾರ್ಡ್ ನಡೆಸೋ ಕಷ್ಟ ಮಾತ್ರ ಅವ್ರಿಗೆ ಗೊತ್ತಿರ್ಲಿಲ್ಲ."

ಅವಳು ಕೈ ಚಾಚುವಷ್ಟರಲ್ಲಿ ಪಂಪ್ ಅಟೆಂಡರನ ಕೈ ಸೇರಿತ್ತು.

"ವಾರ್ಡಿಗೆ ಕೊಟ್ಬಿಡು," ಎಂದರು ವೈದ್ಯರು. "ಅವತ್ತಿನದನ್ನ ಪೊಲೀಸ್ರು ತಗೊಂಡು ಹೋದಾಗಿಂದ ಅಲ್ಲಿ ಒಂದು ಕಮ್ಮಿ ಬಿದ್ದಿದೆ."