ಜೋಡಿ ಸೀಟು

“ಈ ಹೊಲಿಗೆ ಹಾಕಿದ ಕೈಗೆ ಬರೆ ಹಾಕ್ಬೇಕು,” ಎಂದರು ಸೀಟು ಮೇಷ್ಟ್ರು.

ಅಳಿಯನ ಮನೆಯ ಹಿಂದಿನ ಶೆಡ್ಡಿನಲ್ಲಿ, ಬೆಂಚಿನ ಮೇಲೆ, ಕಾರಿನ ಮುಂದಿನ ಎರಡು ಸೀಟುಗಳು ಅಕ್ಕಪಕ್ಕ ಕೂತಿದ್ದವು. ಒಂದೇ ಅಳತೆ, ಒಂದೇ ಕಂದು ಚರ್ಮ. ಆಚೆ ಅರವತ್ತು ವರ್ಷದ ಹಳೆಯ ಕಾರು ಬಾಗಿಲು ತೆರೆದುಕೊಂಡು ನಿಂತಿತ್ತು. ಎಂಟು ತಿಂಗಳಿಂದ ಅಳಿಯ ತನ್ನ ರಜೆಗಳನ್ನೆಲ್ಲ ಅದರ ಹೊಟ್ಟೆಯೊಳಗೇ ಕಳೆದಿದ್ದ. ನೆಲಹಾಸು, ಮೇಲ್ಛಾವಣಿಯ ಬಟ್ಟೆ, ಬಾಗಿಲುಗಳ ಒಳಹೊದಿಕೆ ಎಲ್ಲ ಅವನದೇ ಕೆಲಸ. ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಅದು ನೆನಪಾದಾಗಲೆಲ್ಲ ಮೇಷ್ಟ್ರ ಮೈ ಉರಿಯುತ್ತಿತ್ತು.

ಉರಿಯದೆ ಏನು? ಗುರುವಿನ ಅಂಗಡಿಯಲ್ಲಿ ಮೂರು ವರ್ಷ ಬರೀ ಹಳೆಯ ಹೊಲಿಗೆ ಬಿಚ್ಚಿದ ಮೇಲಷ್ಟೇ ಅವರ ಕೈಗೆ ಸೂಜಿ ಸಿಕ್ಕಿತ್ತು. ಆಮೇಲೆ ನಲವತ್ತೆರಡು ವರ್ಷ ಸೀಟು ಹೊಲಿದಿದ್ದರು, ಈಗಲೂ ಹೊಲಿಯುತ್ತಿದ್ದರು. ಇವನೋ, ಆಫೀಸಿನಲ್ಲಿ ಕುರ್ಚಿ ಬಿಸಿ ಮಾಡುವವನು. ಹೊಲಿಗೆ ಮಿಷಿನ್ ತಂದ ವಾರಕ್ಕೇ ದೊಡ್ಡ ಕಸುಬುದಾರನಾಗಿಬಿಟ್ಟಿದ್ದ.

ಹೋದ ತಿಂಗಳು ಅವನೇ ಅಂಗಡಿಗೆ ಬಂದು ಹಲ್ಲು ಕಿರಿದಿದ್ದ. “ಒಂದು ಸೀಟು ನೀವು ಹೊಲಿದುಕೊಡಿ ಮಾವ. ಅದನ್ನ ನೋಡ್ಕೊಂಡು ಇನ್ನೊಂದನ್ನ ನಾನು ಮನೇಲಿ ಹೊಲೀತೀನಿ.” ಮೇಷ್ಟ್ರು ಹೊಲಿದು ಕಳಿಸಿದ್ದರು. ಎಂದಿನಂತೆ ಹೊದಿಕೆಯ ಒಳಮಡಿಕೆಯಲ್ಲಿ ಕೆಂಪು ದಾರದ ಮೂರು ಗಂಟು ಹಾಕಿದ್ದರು. ಗುರುವಿನಿಂದ ಬಂದ ಪದ್ಧತಿ ಅದು. ಸೀಟು ಬಿಚ್ಚಿದವನಿಗೆ ಮಾತ್ರ ಕಾಣುವ ರುಜು. ಮಗಳು ಚಿಕ್ಕವಳಿದ್ದಾಗ ಆ ಗಂಟುಗಳನ್ನು ಬಿಗಿಯುವುದು ಅವಳ ಪಾಲಿನ ಕೆಲಸವಾಗಿತ್ತು.

ಈ ಭಾನುವಾರ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ. ಅದಕ್ಕೇ ಮೇಷ್ಟ್ರು ಇವತ್ತು ಹೇಳದೆ ಕೇಳದೆ ಬಂದಿಳಿದಿದ್ದರು.

ಅವರು ಬಗ್ಗಿ ಮೊದಲನೆಯ ಸೀಟಿನ ಮೇಲೆ ಹೆಬ್ಬೆರಳು ಎಳೆದರು. ಕಸುಬು ಬಲ್ಲವನಿಗೆ ಬೆರಳೇ ಕಣ್ಣು ಎಂಬ ಜಂಭ ಅವರಿಗೆ. “ನೋಡಿ ಅಳಿಯಂದಿರೇ, ಹೊಲಿಗೆ ಅಂದ್ರೆ ಇದು. ಅಂಗುಲಕ್ಕೆ ಆರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಮೂಲೇಲಿ ಒಂದು ಸುಕ್ಕು ತೋರ್ಸಿ, ನನ್ನ ಮೀಸೆ ಬೋಳಿಸ್ಕೋತೀನಿ.”

ಆಮೇಲೆ ಎರಡನೆಯದನ್ನು ಮುಟ್ಟಿ ಮುಖ ಸಿಂಡರಿಸಿದರು. “ಇದು ಹಾವು ಹರಿದ ಹಾಗಿದೆ. ಇಲ್ಲಿ ಎರಡು ಸಲ ಹೊಲಿದಿದ್ದೀರಿ, ಇಲ್ಲಿ ಹೊಲಿದೇ ಇಲ್ಲ. ನಾನು ಮಾಡಿದ್ದನ್ನ ಪಕ್ಕದಲ್ಲೇ ಇಟ್ಕೊಂಡು ಇಂಥಾ ಅಧ್ವಾನ ಹೇಗೆ ಮಾಡಿದ್ರಿ?”

ಅಳಿಯ ಒಮ್ಮೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. “ತಪ್ಪಾಯ್ತು ಮಾವ. ಕೈ ನಡುಗಿಬಿಡ್ತು.”

“ಈ ವಯಸ್ಸಿಗೇ? ಚೆನ್ನಾಗಿದೆ! ನನಗೆ ಎಪ್ಪತ್ತು ಹತ್ತಿರ ಬಂತು.”

“ಅಪ್ಪಾ, ಸಾಕು ಬಿಡಿ,” ಎಂದಳು ಮಗಳು. “ಒಳಗೆ ಬನ್ನಿ, ಕಾಫಿ ಆರಿಹೋಗ್ತಿದೆ.”

ಇವಳದೂ ಇತ್ತೀಚೆಗೆ ಒಂದೇ ರಾಗ. ಅಂಗಡಿ ಮುಚ್ಚಿ, ನಮ್ಮ ಜೊತೆ ಬಂದು ಇರಿ, ದುಡಿದದ್ದು ಸಾಕು. ಈ ರಾಗಕ್ಕೆ ಶ್ರುತಿ ಹಿಡಿದವರು ಯಾರು ಅನ್ನುವುದು ಮೇಷ್ಟ್ರಿಗೆ ಗೊತ್ತಿಲ್ಲವೇ? ಅಂಗಡಿಯ ಮೇಲೆ ಅಳಿಯನ ಕಣ್ಣು ಬಿದ್ದಿದೆ. ಹೋದ ವಾರ ತಮ್ಮದೇ ಗಿರಾಕಿಯೊಬ್ಬನ ವ್ಯಾನು ಈ ಮನೆಯ ಮುಂದೆ ನಿಂತಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅಳಿಯ ಅದರಿಂದ ಸೀಟು ಇಳಿಸಿಕೊಳ್ಳುತ್ತಿದ್ದ. ಆ ಸೀಟನ್ನು ತಾವು ಹೊಲಿದುಕೊಟ್ಟು ಹದಿನೈದು ದಿನವೂ ಆಗಿರಲಿಲ್ಲ. ಅಷ್ಟರಲ್ಲೇ ಗಿರಾಕಿಯ ತಲೆ ಕೆಡಿಸಿ ಮನೆಗೆ ಕರೆಸಿಕೊಂಡಿದ್ದಾನೆ, ಕಳ್ಳ! ಮಗಳನ್ನು ಕೊಟ್ಟ ತಪ್ಪಿಗೆ ಅಂದು ಅವರು ಹಲ್ಲು ಕಚ್ಚಿ ಸುಮ್ಮನಾಗಿದ್ದರು.

ಇಂದು ಸುಮ್ಮನಿರುವ ಮಾತೇ ಇಲ್ಲ. ಬೆಂಚಿನ ಮೇಲಿದ್ದ ಬ್ಲೇಡು ಅವರ ಕೈಗೆ ಬಂತು.

“ಇದನ್ನ ಬಿಚ್ಚಿ ಬಿಸಾಕ್ತೀನಿ. ಭಾನುವಾರ ನೋಡಿದವರು ಏನಂತಾರೆ? ಸೀಟು ಮೇಷ್ಟ್ರ ಅಳಿಯನ ಕಾರು, ಮೇಷ್ಟ್ರೇ ಹೊಲಿದಿರ್ಬೇಕು ಅಂತಾರೆ. ನಿಮಗೇನು, ತಿಂಗಳಾದ್ರೆ ಸಂಬಳ ಬರುತ್ತೆ. ನನಗೆ ಇರೋದು ಹೆಸರೊಂದೇ.”

ಅಳಿಯ ಥಟ್ಟನೆ ಮುಂದೆ ಬಂದು ಅವರ ಮಣಿಕಟ್ಟು ಹಿಡಿದ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವನು ಮಾವನನ್ನು ಹಾಗೆ ತಡೆದದ್ದು ಅದೇ ಮೊದಲು. “ಬೇಡ ಮಾವ. ರಾತ್ರಿಯೊಳಗೆ ನಾನೇ ಬಿಚ್ಚಿ ಮತ್ತೆ ಹೊಲೀತೀನಿ. ನೀವು ಮುಟ್ಬೇಡಿ.”

“ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ,” ಮಗಳು ಬಾಗಿಲಿಂದ ಓಡಿಬಂದಳು. “ಅದನ್ನ ಬಿಚ್ಬೇಡಿ.”

ಒಂದು ಕೆಟ್ಟ ಸೀಟಿಗೆ ಗಂಡ ಹೆಂಡಿರ ಈ ನಾಟಕ ನೋಡಿ ಮೇಷ್ಟ್ರಿಗೆ ಹೇಸಿಗೆಯಾಯಿತು. ತಪ್ಪು ಮಾಡುವುದಲ್ಲದೆ ಅದನ್ನು ಮುಚ್ಚಿಡುವ ಹಟ ಬೇರೆ! ಅವರು ಕೈ ಕೊಡವಿಕೊಂಡರು. ಬ್ಲೇಡು ಹೊಲಿಗೆಯುದ್ದಕ್ಕೂ ಸರ್ರನೆ ಹರಿಯಿತು. ಸಡಿಲ ದಾರ, ಬಿಚ್ಚಿಕೊಳ್ಳಲು ಹೊತ್ತೇ ಹಿಡಿಯಲಿಲ್ಲ.

“ಒಳಗೆ ಇನ್ನೇನೇನು ಘನಂದಾರಿ ಕೆಲಸ ಮಾಡಿದ್ದೀರೋ ನೋಡೋಣ,” ಎನ್ನುತ್ತ ಮೇಷ್ಟ್ರು ಹೊದಿಕೆಯನ್ನು ಕಿತ್ತು ಒಳಹೊರಗು ಮಾಡಿದರು. ಮಗಳು ಮುಖ ತಿರುಗಿಸಿಕೊಂಡಳು.

ಒಳಮಡಿಕೆಯಲ್ಲಿ ಅವರ ಬೆರಳಿಗೆ ಏನೋ ತಗುಲಿತು. ಕಿಟಕಿಯ ಬಳಿಗೆ ಹೋಗಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

ಕೆಂಪು ದಾರ. ಮೂರು ಗಂಟು.